ಹೊಗಳಿಕೆ ಸಾಕು, ಬಿಡುವು ಬೇಕು

ದಸರೆ, ಯುಗಾದಿಗಳು ಬಂದರೆ ನಮ್ಮ ಸಭೆಗಳಲ್ಲಿ ತಪ್ಪದೆ ಕೇಳಿಬರುವ ಒಂದು ವಿಲಾಪವಿದೆ. ಮನೆಗಳಲ್ಲಿ ಕಲೆ ಸತ್ತುಹೋಯಿತಂತೆ. ಬಾಗಿಲಿಗೆ ಅಂಟಿಸುವ ರಂಗೋಲಿ ಬಂತು, ಗೊಂಬೆ ಕೂರಿಸುವ ಶ್ರದ್ಧೆ ಹೋಯಿತು, ಹಾಡು ಹೇಳುತ್ತಿದ್ದ ಹೆಣ್ಣುಮಕ್ಕಳ ಕೈಗೆ ಮೊಬೈಲು ಬಂತು ಎಂದು ಭಾಷಣಕಾರರು ಮರುಗುತ್ತಾರೆ. ಸಭಿಕರು ತಲೆದೂಗುತ್ತಾರೆ. ವಂದನಾರ್ಪಣೆಯಾಗಿ ಎಲ್ಲರೂ ಮನೆಗೆ ಹೋಗುತ್ತಾರೆ. ಅಲ್ಲಿ ಬಿಸಿ ಊಟ ಕಾದಿರುತ್ತದೆ. ಅದನ್ನು ಮಾಡಿಟ್ಟವರಿಗೆ ಸಭೆಗೆ ಬರುವ ಪುರುಸೊತ್ತು ಇತ್ತೇ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ.

ನನ್ನ ವಾದ ಇಷ್ಟೆ. ಮನೆಯ ಕಲೆ ಸೊರಗಿದ್ದರೆ ಅದಕ್ಕೆ ಮುಖ್ಯ ಕಾರಣ ಬಿಡುವಿನ ಅಭಾವ. ಆ ಬಿಡುವನ್ನು ತಿಂದವರು ಮನೆಯೊಳಗೇ ಇದ್ದಾರೆ. ಮೊಬೈಲನ್ನು ಬೈದು ಅವರು ಪಾರಾಗುವಂತಿಲ್ಲ.

ಮೊದಲು ಈ ಕಲೆ ಎಂಥದೆಂಬುದನ್ನು ನೋಡೋಣ. ಧಾರವಾಡದ ಕಡೆಯ ಕಸೂತಿಯನ್ನು ತೆಗೆದುಕೊಳ್ಳಿ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಗೋಪುರ, ರಥ, ನವಿಲುಗಳನ್ನು ಮೂಡಿಸಬೇಕು. ಗವಂತಿ, ಮುರಗಿ ಹೊಲಿಗೆಗಳಲ್ಲಿ ಬಟ್ಟೆಯ ಹಿಂದೂ ಮುಂದೂ ಒಂದೇ ರೂಪ ಬರಬೇಕು. ಒಂದು ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಸಾಗರ, ಸೊರಬಗಳ ದೀವರ ಮನೆಗಳ ಹಸೆ ಚಿತ್ತಾರವೂ ಹಾಗೆಯೇ. ಕೆಮ್ಮಣ್ಣಿನ ಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಎಳೆಗಳನ್ನು ಅಲುಗದ ಕೈಯಿಂದ ಎಳೆಯಬೇಕು. ಇದಕ್ಕೆ ಪ್ರತಿಭೆ ಬೇಕು, ಅಭ್ಯಾಸ ಬೇಕು. ಅವೆರಡಕ್ಕಿಂತ ಮೊದಲು ಯಾರೂ ಕೂಗದ ಎರಡು ಗಂಟೆ ಬೇಕು. ‘ಸಾರಿಗೆ ಉಪ್ಪು ಹಾಕಿದ್ದೀಯಾ?’, ‘ನನ್ನ ಬಿಳಿ ಅಂಗಿ ಎಲ್ಲಿ?’ ಎಂದು ಗಳಿಗೆಗೊಮ್ಮೆ ಕೇಳುವ ಮನೆಯಲ್ಲಿ ಎಳೆಗಳ ಎಣಿಕೆ ಹೇಗೆ ಉಳಿದೀತು?

ಯಂತ್ರಗಳು ಬಂದಮೇಲೆ ಹೆಂಗಸರಿಗೆ ಕೆಲಸವೇ ಇಲ್ಲವೆನ್ನುವವರಿದ್ದಾರೆ. ಒರಳು ಹೋಗಿ ಮಿಕ್ಸಿ ಬಂತು, ಒಗೆಯುವ ಕಲ್ಲಿನ ಜಾಗದಲ್ಲಿ ವಾಷಿಂಗ್ ಮೆಷಿನ್ ನಿಂತಿತು, ಇನ್ನೇನು ಬೇಕು ಎಂದು ಕೇಳುತ್ತಾರೆ. ಉತ್ತರವನ್ನು ಸರ್ಕಾರವೇ ಕೊಟ್ಟಿದೆ. ಕೇಂದ್ರದ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಈ 97 ಕೂಡ ಮನೆಗೆಲಸಕ್ಕೆ ಕೈಹಾಕಿದ ಗಂಡಸರ ಲೆಕ್ಕ. ಅಂಥವರು ನೂರಕ್ಕೆ 26 ಮಂದಿ ಮಾತ್ರ! 2024ರಲ್ಲಿ ಮತ್ತೆ ಸಮೀಕ್ಷೆ ನಡೆಯಿತು. ಹೆಂಗಸರದು 289 ನಿಮಿಷಕ್ಕೆ ಇಳಿದಿತ್ತು. ಗಂಡಸರು ಹಿಂದೆ ಬೀಳಲಿಲ್ಲ. ಅವರದೂ 88ಕ್ಕೆ ಇಳಿದಿತ್ತು. ನಡುವಿನ ಅಂತರ 202ರಿಂದ 201 ಆಯಿತು. ಐದು ವರ್ಷಕ್ಕೆ ಒಂದು ನಿಮಿಷ! ಇದೇ ನಡಿಗೆಯಲ್ಲಿ ಇಬ್ಬರೂ ಸರಿಸಮರಾಗಲು ಸಾವಿರ ವರ್ಷ ಬೇಕು. ಪಂಪನಿಂದ ನಮ್ಮ ಕಾಲಕ್ಕೆ ಇರುವುದು ಹೆಚ್ಚುಕಡಿಮೆ ಅಷ್ಟೇ ದೂರ.

ಇಲ್ಲಿ ಜಾನಪದ ಬಲ್ಲ ಮಿತ್ರರು ಎದ್ದು ನಿಲ್ಲುತ್ತಾರೆ. ‘ಬೀಸುತ್ತ, ಕುಟ್ಟುತ್ತ ನಮ್ಮ ತಾಯಂದಿರು ಹಾಡು ಕಟ್ಟಲಿಲ್ಲವೇ? ಅವರಿಗೇನು ಬಿಡುವಿತ್ತೇ?’ ಒಳ್ಳೆಯ ಪ್ರಶ್ನೆ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ತಂದುಕೊಟ್ಟ ಮೇಲೆ ಆ ಸಂಪತ್ತನ್ನು ಅಲ್ಲಗಳೆಯುವ ಧೈರ್ಯ ಯಾರಿಗೂ ಇಲ್ಲ. ಆದರೆ ಬೀಸುವ ಕೆಲಸ ಕೈಯನ್ನು ಕಟ್ಟಿಹಾಕುತ್ತಿತ್ತೇ ಹೊರತು ನಾಲಗೆಯನ್ನಲ್ಲ. ಕಲ್ಲು ಒಂದೇ ಲಯದಲ್ಲಿ ಸುತ್ತುತ್ತಿತ್ತು, ಮನಸ್ಸು ತನ್ನ ಪಾಡಿಗೆ ತವರಿಗೆ ಹೋಗಿಬರುತ್ತಿತ್ತು. ಇಂದಿನ ಗೃಹಿಣಿಯ ಬೆಳಗು ಚೂರುಚೂರಾಗಿದೆ. ಕುಕ್ಕರಿನ ಕೂಗು ಎಣಿಸಬೇಕು, ಮಗುವಿನ ಡಬ್ಬಿ ತುಂಬಬೇಕು, ಶಾಲೆಯ ವ್ಯಾನಿಗೆ ಓಡಬೇಕು. ಆಮೇಲೆ ತನ್ನ ಆಫೀಸಿನ ಬಸ್ಸು ಹಿಡಿಯಬೇಕು. ಇಲ್ಲಿ ಯಾವ ಲಯವಿದೆ? ಇನ್ನೊಂದು ಮಾತು. ಆ ಹಾಡುಗಳು ಬಹುಮಟ್ಟಿಗೆ ತ್ರಿಪದಿಗಳು. ಮೂರು ಸಾಲಿನ ಪದ್ಯ ಬೀಸುವ ಕಲ್ಲಿನ ಮುಂದೆ ಹುಟ್ಟಬಹುದು, ಕಾದಂಬರಿ ಹುಟ್ಟುವುದಿಲ್ಲ. ಮೂರು ಸಾಲು ಕೊಟ್ಟವರು ಬಿಡುವಿದ್ದಿದ್ದರೆ ಏನೇನು ಕೊಡುತ್ತಿದ್ದರೋ ಎಂದು ಮರುಗಬೇಕಾದಲ್ಲಿ, ಬಿಡುವಿಲ್ಲದಿದ್ದುದನ್ನೇ ಅವರ ಭಾಗ್ಯವೆಂದು ಹೊಗಳುವುದು ಯಾವ ನ್ಯಾಯ?

ದೊಡ್ಡ ಕೃತಿ ಬರೆದ ಹೆಂಗಸರ ಬಾಳನ್ನು ನೋಡಿದರೂ ಇದೇ ಕಾಣುತ್ತದೆ. ‘ಹದಿಬದೆಯ ಧರ್ಮ’ವನ್ನು ಬರೆದ ಸಂಚಿ ಹೊನ್ನಮ್ಮನಿಗೆ ಚಿಕ್ಕದೇವರಾಜ ಒಡೆಯರ ಅರಮನೆಯ ಆಶ್ರಯವಿತ್ತು. ಲೇಖಕಿಯಾಗಿ, ಪ್ರಕಾಶಕಿಯಾಗಿ, ಪತ್ರಿಕೆಯ ಸಂಪಾದಕಿಯಾಗಿ ದುಡಿದ ನಂಜನಗೂಡು ತಿರುಮಲಾಂಬಾ ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಓದು ಬರಹಕ್ಕೆ ಅವಕಾಶ ದೊರೆತದ್ದು ಎಂಥ ಬೆಲೆಗೆ ಎಂಬುದನ್ನು ಮರೆಯಬಾರದು. ಸಂಸಾರದೊಳಗಿದ್ದೇ ಬರೆದವರಿಲ್ಲವೇ ಎಂದರೆ, ಇದ್ದಾರೆ. ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ 1963ರಲ್ಲಿ ಬಂತು. ಆಗ ಅವರಿಗೆ ನಲವತ್ತೈದು ದಾಟಿತ್ತು. ಆಮೇಲೆ ಅವರು ಹತ್ತಾರು ಕಾದಂಬರಿಗಳನ್ನು ಬರೆದರು. ಇಷ್ಟು ಶಕ್ತಿಯುಳ್ಳ ಲೇಖನಿ ಅಷ್ಟು ತಡವಾಗಿ ಹೊರಬಂದದ್ದು ಕನ್ನಡಕ್ಕೆ ಲಾಭವೋ ನಷ್ಟವೋ, ಓದುಗರೇ ಹೇಳಲಿ.

ಮನೆಯ ಮಾತಾಯಿತು. ಮನೆ ಬಿಟ್ಟು ಒಂದು ದಿನ ಹೊರಟರಾದರೂ ಬಿಡುವು ಸಿಕ್ಕೀತೇ? ಮೈಸೂರಿನವರು ಬಲಮುರಿಗೆ ಹೊರಡುತ್ತಾರೆ, ಬೆಂಗಳೂರಿನವರು ನಂದಿಬೆಟ್ಟಕ್ಕೆ. ಮಕ್ಕಳಿಗೆ ರಜೆ, ಯಜಮಾನರಿಗೆ ರಜೆ. ಮನೆಯಾಕೆ ಮಾತ್ರ ಉಳಿದ ದಿನಗಳಿಗಿಂತ ಒಂದು ಗಂಟೆ ಮುಂಚೆ, ನಾಲ್ಕಕ್ಕೇ ಏಳುತ್ತಾಳೆ. ಪುಳಿಯೋಗರೆ ಕಲಸಬೇಕು, ಮೊಸರನ್ನಕ್ಕೆ ಒಗ್ಗರಣೆ ಹಾಕಬೇಕು, ತಟ್ಟೆ ಲೋಟ ಜಮಖಾನ ಕಟ್ಟಬೇಕು. ಹೊಳೆಯ ದಂಡೆಯಲ್ಲಿ ಎಲ್ಲರೂ ನೀರಿನ ಕಡೆ ಮುಖಮಾಡಿ ಕೂತರೆ ಅವಳು ಡಬ್ಬಿಗಳ ಕಡೆ ಮುಖಮಾಡಿ ಕೂರುತ್ತಾಳೆ. ಸಂಜೆ ಮನೆಗೆ ಬಂದವರು ‘ಉಸ್ಸಪ್ಪಾ’ ಎಂದು ಕಾಲು ಚಾಚಿದರೆ ಪಾತ್ರೆಗಳು ಅವಳ ಜೊತೆ ಬಚ್ಚಲಿಗೆ ಹೋಗುತ್ತವೆ. ಉತ್ತರ ಕರ್ನಾಟಕದ ಎಳ್ಳಮಾವಾಸ್ಯೆಯಲ್ಲೂ ಇದೇ ಕಥೆ. ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುವ ಆ ಹಬ್ಬದ ಸೊಗಸನ್ನು ಎಷ್ಟೋ ಜನ ಬಣ್ಣಿಸಿದ್ದಾರೆ. ಆ ಊಟದ ಕಡಕ್ ರೊಟ್ಟಿಗಳನ್ನು ದಿನಗಟ್ಟಲೆ ಮುಂಚಿನಿಂದ ಒಲೆಯ ಮುಂದೆ ಕೂತು ಬಡಿದವರ ತೋಳಿನ ನೋವನ್ನು ಬಣ್ಣಿಸಿದವರು ಕಡಿಮೆ.

‘ಅವರಿಗೆ ಅದರಲ್ಲೇ ಸಂತೋಷ’ ಎಂಬುದು ಕೊನೆಯ ಬಾಣ. ಇದ್ದರೂ ಇರಬಹುದು. ಸಂತೋಷಕ್ಕೆ ಮಾಡಿದ ಕೆಲಸವನ್ನು ಬೇಡವೆನಿಸಿದ ದಿನ ಬಿಡುವ ಹಕ್ಕೂ ಇರಬೇಕು. ‘ಈ ಭಾನುವಾರ ನಾನು ಏನೂ ಮಾಡುವುದಿಲ್ಲ, ಕೂತು ಚಿತ್ರ ಬರೆಯುತ್ತೇನೆ’ ಎಂದು ಒಬ್ಬ ಗೃಹಿಣಿ ಹೇಳಿನೋಡಲಿ. ಮನೆಯವರು ಮೊದಲು ಕೇಳುವುದು ‘ಮೈ ಸರಿಯಿಲ್ಲವೇ?’ ಎಂದು.

ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದೇನೆ. ಕನ್ನಡ ಸಂಘದ ಭಿತ್ತಿಪತ್ರಿಕೆಗೆ ಒಳ್ಳೆಯ ಕಥೆ, ಕವಿತೆ ಕೊಟ್ಟವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಹತ್ತು ವರ್ಷದ ಮೇಲೆ ಮಾರುಕಟ್ಟೆಯಲ್ಲೋ ಮದುವೆಮನೆಯಲ್ಲೋ ಸಿಕ್ಕಾಗ, ‘ಬರೆಯುತ್ತಿದ್ದೀಯೇನಮ್ಮ?’ ಎಂದು ಕೇಳುತ್ತೇನೆ. ‘ಎಲ್ಲಿ ಸಾರ್, ಪುರುಸೊತ್ತೇ ಇಲ್ಲ’ ಎನ್ನುತ್ತಾರೆ. ಹುಡುಗರೂ ಬರೆಯುವುದನ್ನು ಬಿಟ್ಟಿರುತ್ತಾರೆ. ಅವರ ಉತ್ತರ ಬೇರೆ: ‘ಯಾಕೋ ಆಸಕ್ತಿ ಹೋಯಿತು ಸಾರ್’. ಇವರು ತಾವಾಗಿ ಬಿಟ್ಟರು. ಅವರ ಕೈಯಿಂದ ಬಿಡಿಸಲಾಯಿತು. ಮನೆಯ ಕಲೆಗೆ ಕಣ್ಣೀರಿಡುವವರು ಈ ಎರಡು ಉತ್ತರಗಳ ವ್ಯತ್ಯಾಸವನ್ನು ಮೊದಲು ತಿಳಿಯಲಿ.

ಪರಿಹಾರಕ್ಕೆ ಸಮಿತಿ ಬೇಡ, ಪ್ರಶಸ್ತಿ ಬೇಡ. ವಾರಕ್ಕೆ ಒಂದು ಹೊತ್ತಿನ ಅಡಿಗೆಯನ್ನು ಗಂಡಸರು ವಹಿಸಿಕೊಳ್ಳಲಿ. ‘ಸಹಾಯ’ ಮಾಡುವುದಲ್ಲ, ತರಕಾರಿ ತರುವುದರಿಂದ ಒಲೆಯ ಕಟ್ಟೆ ಒರೆಸುವವರೆಗೆ ಪೂರ್ತಿ ವಹಿಸಿಕೊಳ್ಳುವುದು. ಬೆಟ್ಟಕ್ಕೆ ಹೊರಟ ದಿನ ಅವಲಕ್ಕಿ, ಬಾಳೆಹಣ್ಣು ಸಾಕು. ಗಂಡುಮಕ್ಕಳಿಗೆ ಹತ್ತನೆಯ ವಯಸ್ಸಿಗೇ ತಮ್ಮ ತಟ್ಟೆ ತೊಳೆಯಲು ಕಲಿಸೋಣ. ಮನೆಯಾಕೆಗೆ ಒಂದು ಮೇಜು, ಬೀಗವಿರುವ ಒಂದು ಖಾನೆ, ಯಾರೂ ಕರೆಯದ ಎರಡು ಗಂಟೆ ಕೊಡೋಣ. ಆ ಎರಡು ಗಂಟೆಯಲ್ಲಿ ಅವಳು ಕಸೂತಿ ಹಾಕಬಹುದು, ಕಥೆ ಬರೆಯಬಹುದು, ಸುಮ್ಮನೆ ಮಲಗಿ ನಿದ್ದೆ ಮಾಡಲೂಬಹುದು. ಏನು ಮಾಡಿದೆ ಎಂದು ಲೆಕ್ಕ ಕೇಳಬಾರದು.