ದುರ್ಗದ ಬಂಡೆಯೂ ಆಂಗ್ಲ ಬಾಲಕನ ಪೌರುಷವೂ

ಕುಣಿಗಲ್ ಸೀಮೆಯ ಹುತ್ರಿದುರ್ಗವು 1791ರ ಡಿಸೆಂಬರಿನಲ್ಲಿ, ಸಾವನದುರ್ಗವು ಪತನಗೊಂಡ ಕೆಲವೇ ದಿವಸಗಳೊಳಗೆ, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಆಂಗ್ಲ ಸೇನೆಗೆ ವಶವಾಯಿತು. ಆ ಸೇನೆಯೊಡನೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮನು 1794ರಲ್ಲಿ ಮೈಸೂರಿನ ದೃಶ್ಯಾವಳಿಯೊಂದನ್ನು ಪ್ರಕಟಿಸಿದನು. ನಮ್ಮ ಗಿರಿದುರ್ಗಗಳು ಹೀಗೆ ಮೊದಲು ಸಮರವಾರ್ತೆಯಾಗಿ, ಬಳಿಕ ಚಿತ್ರವಾಗಿ, ಕಡೆಗೆ ಕಾದಂಬರಿಯಾಗಿ ಆಂಗ್ಲರ ಮನೆಗಳನ್ನು ಹೊಕ್ಕವು.

ಭಾರತವನ್ನು ಕಣ್ಣಾರೆ ಕಾಣದಿದ್ದ ವಾಲ್ಟರ್ ಸ್ಕಾಟನು ಮಿತ್ರನೊಬ್ಬನಿಂದ ಕೇಳಿ ತಿಳಿದ ವಿವರಗಳ ಬಲದಿಂದಲೇ 1827ರಲ್ಲಿ ‘ದಿ ಸರ್ಜನ್ಸ್ ಡಾಟರ್’ ಎಂಬ ಕಥೆಯಲ್ಲಿ ಹೈದರನ ಮೈಸೂರನ್ನು ನಿರ್ಮಿಸಿದನು. ಮುಂದೆ ಸುರಪುರದ ಆಡಳಿತವನ್ನು ನಡೆಸಿದ ಮೆಡೋಸ್ ಟೇಲರನು 1840ರಲ್ಲಿ ಟಿಪ್ಪುವಿನ ಕುರಿತು ಕಾದಂಬರಿ ಬರೆದಾಗ ಅವನಿಗೆ ಈ ನೆಲದ ಪರಿಚಯವಾದರೂ ಇತ್ತು. ಆದರೆ ಬಾಲಕರ ಕಲ್ಪನೆಯನ್ನು ಸೆರೆಹಿಡಿದವನು ಆಂಗ್ಲ ಕಾದಂಬರಿಕಾರ ಹೆಂಟಿ. ಶತಮಾನದ ಅಂತ್ಯದಲ್ಲಿ ಬಂದ ಅವನ ‘ದಿ ಟೈಗರ್ ಆಫ್ ಮೈಸೂರ್’ ಕೃತಿಯ ನಾಯಕ ಡಿಕ್ ಹಾಲೆಂಡನು ಸೆರೆಯಾದ ತಂದೆಯನ್ನು ಅರಸುತ್ತ ಮಾರುವೇಷದಲ್ಲಿ ನಮ್ಮ ನಾಡನ್ನು ಸುತ್ತುತ್ತಾನೆ. ತಾಯಿಯ ಕಡೆಯಿಂದ ಭಾರತೀಯ ರಕ್ತವುಳ್ಳ ಈ ಹುಡುಗನು ನಮ್ಮವರಂತೆ ಉಡುವುದು, ನುಡಿಯುವುದು, ಕೋಟೆಗಳ ಒಳಹೊಗುವುದು, ಇವೆಲ್ಲವೂ ಅವನ ಆಂಗ್ಲತ್ವಕ್ಕೆ ಸಾಕ್ಷಿಯಾಗಿ ಪರಿಣಮಿಸುವುದೇ ಆ ಕಾದಂಬರಿಯ ಮಹಾ ವಿಚಿತ್ರ. ಇಲ್ಲಿನ ಬಂಡೆ, ಕಣಿವೆ, ಕಾನನಗಳೆಲ್ಲವೂ ಅವನ ಧೈರ್ಯವನ್ನು ಒರೆಹಚ್ಚುವ ಕಲ್ಲುಗಳೇ ಹೊರತು ಯಾರೊಬ್ಬರ ಊರೂ ಅಲ್ಲ.

ಇದೇ ಬಗೆಯ ಕಲ್ಲುಕೋಟೆಯನ್ನು ತ.ರಾ.ಸು. ತಮ್ಮ ‘ದುರ್ಗಾಸ್ತಮಾನ’ದಲ್ಲಿ ಜನರು ಬಾಳಿ ಅಳಿದ ನೆಲೆಯಾಗಿ ಕಂಡರು. ನಾವಾದರೋ ಇಂದು ಹುತ್ರಿದುರ್ಗವನ್ನು ವಾರಾಂತ್ಯದ ಚಾರಣತಾಣವೆಂದು ಸಾರುವಾಗ, ಕೆಂಪೇಗೌಡರ ಹೆಸರನ್ನೊಮ್ಮೆ ಉಚ್ಚರಿಸಿ, ಉಳಿದುದನ್ನೆಲ್ಲ ಹೆಂಟಿಯ ಕಣ್ಣಿನಿಂದಲೇ ನೋಡುತ್ತಿದ್ದೇವೆಂದು ನನಗನ್ನಿಸುತ್ತದೆ. (ಛಾಯಾಚಿತ್ರಗಳಲ್ಲಿ ತಪ್ಪಲಿನ ಗ್ರಾಮಸ್ಥರು ಕಾಣುವುದೂ ಅಪರೂಪ.)

ಹೆಂಟಿಯನ್ನು ಬಹಿಷ್ಕರಿಸಬೇಕೆಂದು ನಾನು ಹೇಳಲಾರೆ. ಕುಣಿಗಲ್, ತುಮಕೂರಿನ ಕಾಲೇಜುಗಳಲ್ಲಿ ಅವನನ್ನು ಈ ದುರ್ಗದ ಚರಿತ್ರೆಯೊಡನೆ ಇಟ್ಟು ಓದಿಸಬೇಕು. 1791ರ ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣದ ಸಮೀಪದವರೆಗೆ ಬಂದ ಕಾರ್ನ್‌ವಾಲಿಸನು ಆಹಾರವಿಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ತೋಪುಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದನು. ಮರುವರ್ಷದ ಮುತ್ತಿಗೆಯನ್ನು ಸಾಧ್ಯವಾಗಿಸಿದುದು ಬಹುಮಟ್ಟಿಗೆ ಹೇರೆತ್ತುಗಳ ಮೇಲೆ ಧಾನ್ಯವನ್ನು ತಂದೊದಗಿಸಿದ ಲಂಬಾಣಿಗಳ ದುಡಿಮೆ. ವಿದ್ಯಾರ್ಥಿಗಳು ಮೊದಲು ಆ ಲಂಬಾಣಿಗಳನ್ನು ಕಾದಂಬರಿಯ ಪುಟಗಳಲ್ಲಿ ಹುಡುಕಲಿ. ಡಿಕ್ಕನ ಶೌರ್ಯವನ್ನು ಅಳೆಯುವುದು ಆಮೇಲಾಗಲಿ.