ಮುನಿದ ಜೀಪಿಗೆ ಮೂರು ಪ್ರಶ್ನೆ

ಯಂತ್ರಕ್ಕೆ ಮುನಿಸುಂಟೆ ಎಂದು ಪಂಡಿತರನ್ನು ಕೇಳಿದರೆ ಇಲ್ಲವೆಂದಾರು. ಹಳೆಯ ಪೆಟ್ರೋಲು ಜೀಪನ್ನು ಸಾಕಿದವರನ್ನು ಕೇಳಿದರೆ ಉಂಟೆಂದು ಆಣೆಯಿಟ್ಟು ಹೇಳಿಯಾರು. ನಿನ್ನೆ ಸಂಜೆ ಸೌಮ್ಯವಾಗಿ ಮನೆಗೆ ಬಂದು ನಿಂತ ವಾಹನ ಇಂದು ಬೆಳಗ್ಗೆ ಎಷ್ಟು ಓಲೈಸಿದರೂ ಉಸಿರೆತ್ತದು. ಆಗ ಮನೆಮಂದಿಯೆಲ್ಲ ವೈದ್ಯರಾಗುತ್ತಾರೆ. ಅಣ್ಣನಿಗೆ ಬ್ಯಾಟರಿಯ ಮೇಲೆ ಸಂಶಯ, ಭಾವನಿಗೆ ಪ್ಲಗ್ಗುಗಳ ಮೇಲೆ, ನೆರೆಮನೆಯವರಿಗೆ ಕಾರ್ಬ್ಯುರೇಟರಿನ ಮೇಲೆ. ಸಂಜೆಯ ಹೊತ್ತಿಗೆ ಮೂರೂ ಹೊಸದಾಗಿರುತ್ತವೆ. ಜೀಪು ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ.

ಈ ಜೀಪಿನ ಕುಲ ಸಾಮಾನ್ಯವಾದುದಲ್ಲ. ಎರಡನೆಯ ಮಹಾಯುದ್ಧದಲ್ಲಿ, 1941ರಿಂದ 1945ರ ವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಕ್ಕ ಜೀಪುಗಳನ್ನು ಸೈನ್ಯಕ್ಕೆ ಒದಗಿಸಿದವು. 1940ರ ದಶಕದ ಕೊನೆಯಲ್ಲಿ ಮುಂಬಯಿಯ ಮಹೀಂದ್ರ ಸಂಸ್ಥೆ ವಿಲ್ಲಿಸ್ ಜೀಪುಗಳನ್ನು ನಮ್ಮಲ್ಲಿ ಜೋಡಿಸತೊಡಗಿ, ಮುಂದೆ ತಾನೇ ನಿರ್ಮಿಸಿತು. 1953ರಲ್ಲಿ ಅಮೆರಿಕದಲ್ಲಿ ಹೊರಬಂದ ‘ಸಿಜೆ-3ಬಿ’ ಎಂಬ ಎತ್ತರದ ಬಾನೆಟ್ಟಿನ ಮಾದರಿಯೂ ಇಲ್ಲಿ ಬಹುಕಾಲ ತಯಾರಾಯಿತು. ಕೊಡಗು, ಚಿಕ್ಕಮಗಳೂರುಗಳ ತೋಟದ ಹಾದಿಗಳಿಗೆ ಜೀಪು ಹೊಸಬನೇನೂ ಅಲ್ಲ. ಆದರೆ ಕಾಲಕ್ರಮದಲ್ಲಿ ಎಷ್ಟೋ ಜೀಪುಗಳ ಮೂಲ ಎಂಜಿನ್ನು ಕಳಚಿ ಡೀಸೆಲ್ ಎಂಜಿನ್ನು ಕೂರಿಸಲಾಯಿತು. ಎಷ್ಟೋ ಗುಜರಿಗೆ ಸಂದವು. ಆದುದರಿಂದ ಹುಟ್ಟಿನ ಎಂಜಿನ್ನನ್ನೇ ಉಳಿಸಿಕೊಂಡ ಅಜ್ಜನ ಕಾಲದ ಜೀಪೊಂದು ಮನೆಯಲ್ಲಿದ್ದರೆ, ಅದರ ಒಂದು ದಿನದ ಮೌನವನ್ನು ಮರಣವೆಂದು ಬಗೆದು ತೀರ್ಪು ಕೊಡಬಾರದು.

ಸಮಾಧಾನದ ಸಂಗತಿಯೆಂದರೆ, ನಾಲ್ಕು ಸಿಲಿಂಡರುಗಳ, ಸುಮಾರು 2.2 ಲೀಟರ್ ಗಾತ್ರದ ಈ ಎಂಜಿನ್ನಿನಲ್ಲಿ ಗುಟ್ಟೆಂಬುದಿಲ್ಲ. ಗಣಕಯಂತ್ರವಿಲ್ಲ, ಎಲ್ಲವೂ ಕಣ್ಣಿಗೆ ಕಾಣುವಂಥದು, ಕೈಗೆ ಸಿಗುವಂಥದು. ಅದಕ್ಕೆ ಮೂರು ಪ್ರಶ್ನೆಗಳನ್ನು ಹಾಕಬೇಕು: ಎಂಜಿನ್ನು ತಿರುಗುತ್ತಿದೆಯೆ? ಕಿಡಿ ಹಾರುತ್ತಿದೆಯೆ? ಪೆಟ್ರೋಲು ತಲಪುತ್ತಿದೆಯೆ? ಪ್ರಶ್ನೆಗಳಿಗಿಂತ ಅವುಗಳ ಕ್ರಮ ಮುಖ್ಯ. ಒಂದಕ್ಕೆ ಉತ್ತರ ಸಿಗುವ ಮುನ್ನ ಇನ್ನೊಂದಕ್ಕೆ ಹಾರಬಾರದು.

ಮೊದಲನೆಯದಕ್ಕೆ ದೀಪವೇ ಸಾಕ್ಷಿ. ಮುಂದೀಪ ಹಚ್ಚಿ ಸ್ಟಾರ್ಟರು ಒತ್ತಿ ನೋಡಿ. ದೀಪ ಮಂಕಾಗಿ ಎಂಜಿನ್ನು ನರಳಿದರೆ ಬ್ಯಾಟರಿ ಸೊರಗಿರಬೇಕು, ಇಲ್ಲವೆ ಅದರ ತುದಿಗಳು ಕಿಲುಬು ಹಿಡಿದಿರಬೇಕು. ದೀಪ ಕುಂದದೆಯೂ ಏನೂ ಕದಲದಿದ್ದರೆ ಸ್ಟಾರ್ಟರಿನ ಸ್ವಿಚ್ಚನ್ನೂ ತಂತಿಯನ್ನೂ ನೋಡಬೇಕು. ಎಂಜಿನ್ನಿಗೂ ಚಾಸಿಗೂ ನಡುವಣ ಅರ್ಥಿಂಗ್ ಪಟ್ಟಿಯನ್ನು ಯಾರೂ ನೆನೆಯುವುದಿಲ್ಲ. ಅದಕ್ಕೆ ತುಕ್ಕು ಹಿಡಿದರೆ ಹೊಸ ಬ್ಯಾಟರಿಯೂ ಹಳೆಯದರಂತೆಯೇ ವರ್ತಿಸುತ್ತದೆ. ಯುದ್ಧಕಾಲದ ಜೀಪುಗಳದು 6 ವೋಲ್ಟಿನ ವ್ಯವಸ್ಥೆ, ತರುವಾಯದ ಹಲವುಗಳದು 12. ಬ್ಯಾಟರಿ ಕೊಳ್ಳುವ ಮೊದಲು ಇದನ್ನು ಅರಿತಿರಬೇಕು. ಕೈ ಹ್ಯಾಂಡಲಿನಿಂದ ತಿರುಗಿಸುವವರು ಗೇರು ನ್ಯೂಟ್ರಲ್ಲಿನಲ್ಲಿ ಇದೆಯೆಂದು ಖಚಿತಪಡಿಸಿಕೊಂಡು, ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯತಕ್ಕದ್ದು. ಎಂಜಿನ್ನು ಹಿಮ್ಮುಖವಾಗಿ ಒದೆದರೆ ಮೂಳೆ ಮುರಿದೀತು.

ಎಂಜಿನ್ನು ಚುರುಕಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಎರಡನೆಯ ಪ್ರಶ್ನೆ. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಬರುವ ದಪ್ಪ ತಂತಿಯನ್ನು ಮುಚ್ಚಳದಿಂದ ಬಿಡಿಸಿ, ಒಣ ಮರದ ಚಿಮಟದಲ್ಲಿ ಹಿಡಿದು, ಎಂಜಿನ್ನಿನ ಲೋಹದಿಂದ ಕಾಲು ಅಂಗುಲ ದೂರದಲ್ಲಿಟ್ಟು, ಮತ್ತೊಬ್ಬರಿಂದ ಸ್ಟಾರ್ಟರು ಒತ್ತಿಸಬೇಕು. ಸುತ್ತಮುತ್ತ ಪೆಟ್ರೋಲಿನ ಹನಿಯಾಗಲಿ ವಾಸನೆಯಾಗಲಿ ಇರಕೂಡದು. ನೀಲಿಯ ಕಿಡಿ ಚಟಪಟನೆ ಹಾರಿದರೆ ಕಾಯಿಲು, ಪಾಯಿಂಟುಗಳು ನಿರಪರಾಧಿಗಳು. ದೋಷ ಮುಂದಿನ ಮುಚ್ಚಳ, ರೋಟರು, ತಂತಿ, ಪ್ಲಗ್ಗುಗಳಲ್ಲಿದೆ. ಮಲೆನಾಡಿನ ಮಳೆಗಾಲದಲ್ಲಿ ಮುಚ್ಚಳದ ಒಳಗೆ ತೇವ ಕೂತು ಕಿಡಿಯನ್ನು ದಾರಿ ತಪ್ಪಿಸುವುದುಂಟು. ಒಣಬಟ್ಟೆಯಿಂದ ಒರೆಸಿದರೆ ರೋಗ ಶಮನವಾದೀತು.

ಕಿಡಿಯೇ ಇಲ್ಲವಾದರೆ ಪಾಯಿಂಟುಗಳನ್ನು ನೋಡಿ. ಬಹುದಿನ ನಿಂತ ವಾಹನದಲ್ಲಿ ಅವುಗಳ ಮೇಲೆ ತೆಳುವಾದ ಪೊರೆ ಕಟ್ಟಿ ವಿದ್ಯುತ್ತು ಹರಿಯದು. ಅವುಗಳ ನಡುವಣ ಅಂತರ ಅಂಗುಲದ ಸಾವಿರ ಭಾಗಗಳಲ್ಲಿ 20, ಎಂದರೆ ಸುಮಾರು ಅರ್ಧ ಮಿಲಿಮೀಟರು, ಪ್ಲಗ್ಗುಗಳಲ್ಲಿ 30. ಪಾಯಿಂಟುಗಳು ಮತ್ತೆಮತ್ತೆ ಸುಟ್ಟು ಕರಕಾಗುತ್ತಿದ್ದರೆ ಪಕ್ಕದಲ್ಲಿರುವ ಕಂಡೆನ್ಸರೆಂಬ ಪುಟ್ಟ ಡಬ್ಬಿಯನ್ನು ಸಂಶಯಿಸಿ. ತಣ್ಣಗಿರುವಾಗ ಸಾಧುವಾಗಿದ್ದು ಬಿಸಿಯಾದೊಡನೆ ಕೈಕೊಡುವುದು ಅದರ ಗುಣ. ಪ್ಲಗ್ಗಿನ ತಂತಿಗಳನ್ನು ಬಿಚ್ಚುವವರು ಮೊದಲೇ ಗುರುತು ಹಾಕಿಕೊಳ್ಳಬೇಕು. ಕಿಡಿ ಹಾರುವ ಸರದಿ 1, 3, 4, 2. ಎರಡು ತಂತಿ ಅದಲುಬದಲಾದರೆ ಒಂದು ರೋಗವಿದ್ದಲ್ಲಿ ಎರಡಾಗುತ್ತವೆ.

ಕಿಡಿ ಸರಿಯಿದ್ದರೆ ಮಾತ್ರ ಪೆಟ್ರೋಲಿನ ವಿಚಾರಣೆ. ಕಾಯಿಲಿನ ಆ ದಪ್ಪ ತಂತಿಯ ತುದಿಯನ್ನು ಎಂಜಿನ್ನಿನ ಲೋಹಕ್ಕೆ ಬಿಗಿದು ಕಿಡಿ ಹಾರದಂತೆ ಮಾಡಿ, ಕಾರ್ಬ್ಯುರೇಟರಿಗೆ ಬರುವ ಕೊಳವೆಯನ್ನು ಬಾಟಲಿಯೊಳಕ್ಕೆ ಇಳಿಬಿಟ್ಟು ಎಂಜಿನ್ನು ತಿರುಗಿಸಿದರೆ, ಪೆಟ್ರೋಲು ನಾಡಿಯಂತೆ ಮಿಡಿಮಿಡಿದು ಬರಬೇಕು. ಬಾರದಿದ್ದರೆ ಹಿಂದಕ್ಕೆ ಹೋಗಿ: ಪಂಪಿನ ಪೊರೆ, ಶೋಧಕ, ಚಾಲಕನ ಆಸನದ ಕೆಳಗಣ ಟ್ಯಾಂಕು. ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ಕಟ್ಟಿಕೊಂಡರೂ ಪೆಟ್ರೋಲು ಇಳಿಯದು. ಇಂದಿನ ಬಂಕುಗಳ ಪೆಟ್ರೋಲಿನಲ್ಲಿ ಶೇಕಡ 20ರ ವರೆಗೆ ಎಥನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುತ್ತದೆ. ಹಳೆಯ ರಬ್ಬರಿಗೂ ಹಿತವಲ್ಲ. ಆದುದರಿಂದ ಪಂಪಿನ ಪೊರೆಯನ್ನೂ ಕೊಳವೆಗಳನ್ನೂ ಈ ಕಾಲಕ್ಕೆ ತಕ್ಕವುಗಳಿಂದ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವಾಗ ಹಳೆಯ ಪೆಟ್ರೋಲನ್ನು ಬಿಡದಿರುವುದು ಲೇಸು.

ಪೆಟ್ರೋಲು ಬಂದೂ ಎಂಜಿನ್ನು ಹೊತ್ತದಿದ್ದರೆ ಪ್ಲಗ್ಗೊಂದನ್ನು ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಚೋಕು ಎಳೆದೆಳೆದು ಅತಿಯಾಗಿ ಉಣಿಸಿದಂತಾಯಿತು. ಪ್ಲಗ್ಗನ್ನು ಒರೆಸಿ ಹಾಕಿ, ಚೋಕನ್ನು ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ಪೂರ್ತಿ ಅದುಮಿ ಹಿಡಿದು ತಿರುಗಿಸಿ. ಒಣಗಿದ್ದರೆ ಕಾರ್ಬ್ಯುರೇಟರಿನ ಕಿರುರಂಧ್ರಗಳು ಮುಚ್ಚಿರಬೇಕು. ಬಿಸಿಲಲ್ಲಿ ಓಡಿ ನಿಂತ ಜೀಪು ಮತ್ತೆ ಹೊರಡದಿದ್ದರೆ ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿರಬಹುದು. ಪಂಪಿಗೂ ಕೊಳವೆಗೂ ಒದ್ದೆಬಟ್ಟೆ ಸುತ್ತಿ ಕಾಲುಗಂಟೆ ಕಾಯುವುದೇ ಮದ್ದು.

ಮೂರಕ್ಕೂ ‘ಹೌದು’ ಎಂಬ ಉತ್ತರ ಬಂದ ಮೇಲೆಯೇ ಕಿಡಿಯ ಸಮಯ, ವಾಲ್ವುಗಳ ಬಿಗಿ ಮುಂತಾದ ದೊಡ್ಡ ಸಂಗತಿಗಳಿಗೆ ಮೇಸ್ತ್ರಿಯನ್ನು ಕರೆಯಬೇಕು. ಆಗಲೂ ಒಂದು ನಿಯಮವನ್ನು ಮರೆಯಬಾರದು: ಒಮ್ಮೆಗೆ ಒಂದನ್ನೇ ಬದಲಿಸಬೇಕು, ಬದಲಿಸಿ ಪರೀಕ್ಷಿಸಬೇಕು. ಒಮ್ಮೆಲೆ ನಾಲ್ಕು ಬಿಡಿಭಾಗಗಳನ್ನು ಹಾಕಿದವನ ಜೀಪು ಓಡಿದರೂ ಓಡಿದ ಕಾರಣ ಅವನಿಗೆ ತಿಳಿಯದು. ಮುಂದಿನ ಮುನಿಸಿಗೆ ಅವನು ಮತ್ತೆ ಅಷ್ಟೇ ಅಜ್ಞಾನಿ, ಕಿಸೆ ಮಾತ್ರ ಹಿಂದಿಗಿಂತ ಹಗುರ.

ಮುನಿದವರನ್ನು ಒಲಿಸಲು ಹೊರಟವನು ಮೊದಲು ಅವರ ಮಾತನ್ನು ಕೇಳಬೇಕೆಂಬುದನ್ನು ಸಂಸಾರಿಗಳಾದ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ಹಳೆಯ ಜೀಪು ಆ ಮಟ್ಟಿಗೆ ಸರಳ ಸ್ವಭಾವದ್ದು: ಸರಿಯಾಗಿ ಕೇಳಿದವರಿಗೆ ತನ್ನ ನೋವನ್ನು ಎಂದೂ ಮುಚ್ಚಿಡುವುದಿಲ್ಲ.