ಹೆಣ್ಣುಮಕ್ಕಳ ಫುಟ್‌ಬಾಲ್‌ಗೂ ಕಂಠೀರವದ ಬಾಗಿಲು ತೆರೆಯಲಿ

ದಕ್ಷಿಣ ಏಷ್ಯಾ ಫುಟ್‌ಬಾಲ್ ಒಕ್ಕೂಟದ ಮಹಿಳಾ ಟೂರ್ನಿ, ಅಂದರೆ ಸ್ಯಾಫ್ ಮಹಿಳಾ ಚಾಂಪಿಯನ್‌ಷಿಪ್, 2010ರಲ್ಲಿ ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ ಶುರುವಾಯಿತು. ಮೊದಲ ಐದು ಟೂರ್ನಿಗಳನ್ನೂ ಭಾರತವೇ ಗೆದ್ದಿತು. 2019ರ ವರೆಗೆ ಒಂದು ಪಂದ್ಯವನ್ನೂ ಸೋಲಲಿಲ್ಲ. ಆದರೆ 2022 ಮತ್ತು 2024ರಲ್ಲಿ ಕಠ್ಮಂಡುವಿನಲ್ಲಿ ನಡೆದ ಎರಡೂ ಟೂರ್ನಿಗಳಲ್ಲಿ ನಮ್ಮ ತಂಡ ಫೈನಲ್ ತಲುಪಲಿಲ್ಲ. ಎರಡು ಸಲವೂ ಟ್ರೋಫಿ ಬಾಂಗ್ಲಾದೇಶದ ಪಾಲಾಯಿತು. ಈ ಹಿನ್ನಡೆಯನ್ನು ಆಟಗಾರ್ತಿಯರ ತಲೆಗೆ ಕಟ್ಟುವುದು ಅನ್ಯಾಯ. ನೆರೆಯವರು ಬೆವರು ಸುರಿಸುತ್ತಿದ್ದಾಗ ಕೈಕಟ್ಟಿ ಕುಳಿತ ಆಡಳಿತಗಾರರೇ ಇದಕ್ಕೆ ಹೊಣೆ. ಆ ಹೊಣೆಯಲ್ಲಿ ಕರ್ನಾಟಕದ ಪಾಲೂ ಇದೆ.

2022ರ ಆಗಸ್ಟ್‌ನಲ್ಲಿ ಏನಾಯಿತೆಂಬುದನ್ನು ಮರೆಯಬಾರದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಕುರ್ಚಿ ಜಗಳದಿಂದಾಗಿ ಫಿಫಾ ಭಾರತವನ್ನು ಅಮಾನತು ಮಾಡಿತು. ಏಷ್ಯಾದ ಮಹಿಳಾ ಕ್ಲಬ್ ಟೂರ್ನಿಗಾಗಿ ಆಗಲೇ ಉಜ್ಬೇಕಿಸ್ತಾನ ತಲುಪಿದ್ದ ಗೋಕುಲಂ ಕೇರಳ ತಂಡದ ಹುಡುಗಿಯರು ಒಂದು ಪಂದ್ಯವನ್ನೂ ಆಡದೆ ವಾಪಸಾಗಬೇಕಾಯಿತು. ಅಮಾನತು ತೆರವಾದ ಬಳಿಕ, ಮರುತಿಂಗಳೇ ಕಠ್ಮಂಡುವಿನಲ್ಲಿ ಬಾಂಗ್ಲಾದೇಶದೆದುರು 0-3, ಸೆಮಿಫೈನಲ್‌ನಲ್ಲಿ ನೇಪಾಳದೆದುರು 0-1ರ ಸೋಲು. 2019ರ ಟೂರ್ನಿಗೆ ಮೇಮೋಲ್ ರಾಕಿ ಕೋಚ್, 2022ಕ್ಕೆ ಸುರೇನ್ ಚೆಟ್ರಿ, 2024ಕ್ಕೆ ಸಂತೋಷ್ ಕಶ್ಯಪ್. ಟೂರ್ನಿಗೊಬ್ಬ ಕೋಚ್ ಬಂದು ಹೋದರೆ ತಂಡಕ್ಕೆ ತನ್ನದೇ ಆಟದ ಶೈಲಿ ಬೆಳೆಯುವುದಾದರೂ ಹೇಗೆ?

2024ರ ಅಕ್ಟೋಬರ್‌ನಲ್ಲಿ ಕಠ್ಮಂಡುವಿನ ದಶರಥ ಕ್ರೀಡಾಂಗಣದಲ್ಲಿ ನೇಪಾಳದ ವಿರುದ್ಧ ನಡೆದ ಸೆಮಿಫೈನಲ್ ಇನ್ನೊಂದು ಕೊರತೆಯನ್ನೂ ತೋರಿಸಿತು. ಸಂಗೀತಾ ಬಾಸ್ಫೋರ್ ದ್ವಿತೀಯಾರ್ಧದಲ್ಲಿ ಭಾರತಕ್ಕೆ ಮುನ್ನಡೆ ತಂದರು. ನಮ್ಮವರು ಸಂಭ್ರಮದಲ್ಲಿದ್ದಾಗಲೇ ನೇಪಾಳ ಚೆಂಡನ್ನು ಗೋಲಿಗೆ ಸೇರಿಸಿತು. ರೆಫರಿ ಅದನ್ನು ಒಪ್ಪಲಿಲ್ಲ. ನೇಪಾಳದ ಪ್ರತಿಭಟನೆಯಿಂದ ಆಟ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿತು. ಮತ್ತೆ ಶುರುವಾದ ಕೂಡಲೇ ಸಬಿತ್ರಾ ಭಂಡಾರಿ ಗೋಲು ಹೊಡೆದು ಸಮಗೊಳಿಸಿದರು. ಶೂಟೌಟ್‌ನಲ್ಲಿ ಭಾರತ 2-4ರಿಂದ ಸೋತಿತು. ಅಷ್ಟು ಹೊತ್ತು ಕಾದು, ಕಿಕ್ಕಿರಿದ ಎದುರಾಳಿ ಗ್ಯಾಲರಿಯ ಕೂಗಿನ ನಡುವೆ ಮತ್ತೆ ಎಚ್ಚರದಿಂದ ಆಡುವ ಗಟ್ಟಿತನ ಶಿಬಿರದಲ್ಲಿ ಹುಟ್ಟುವುದಿಲ್ಲ. ಅದು ಬರುವುದು ವರ್ಷವಿಡೀ ತುಂಬಿದ ಮೈದಾನಗಳಲ್ಲಿ ಗಂಭೀರ ಪಂದ್ಯಗಳನ್ನು ಆಡಿದವರಿಗೆ.

ಬಾಂಗ್ಲಾದೇಶ ಮೇಲೇರಿದ್ದು ಪವಾಡದಿಂದಲ್ಲ. ಅಲ್ಲಿ ಸರ್ಕಾರವೇ ಪ್ರಾಥಮಿಕ ಶಾಲೆಯ ಹೆಣ್ಣುಮಕ್ಕಳಿಗಾಗಿ ದೇಶವ್ಯಾಪಿ ಫುಟ್‌ಬಾಲ್ ಟೂರ್ನಿ ನಡೆಸಿತು. ಮೈಮೆನ್‌ಸಿಂಗ್ ಜಿಲ್ಲೆಯ ಕಲ್‌ಸಿಂದೂರ್ ಎಂಬ ಹಳ್ಳಿಯ ಸರ್ಕಾರಿ ಶಾಲೆಯ ಅಂಗಳದಲ್ಲಿ ಚೆಂಡು ಒದೆಯಲು ಕಲಿತ ಹುಡುಗಿಯರು ರಾಷ್ಟ್ರೀಯ ತಂಡ ಸೇರಿದರು. ಅವರನ್ನು ಒಟ್ಟಿಗೆ ಇರಿಸಿ, ಒಟ್ಟಿಗೆ ಬೆಳೆಸಿದ್ದರ ಫಲ ಎರಡು ಟ್ರೋಫಿ.

ಈಗ ನಮ್ಮ ಬೆಂಗಳೂರಿನತ್ತ ನೋಡೋಣ. 2023ರ ಜೂನ್-ಜುಲೈನಲ್ಲಿ ಪುರುಷರ ಸ್ಯಾಫ್ ಟೂರ್ನಿ ಇಲ್ಲಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಪಾಕಿಸ್ತಾನದ ವಿರುದ್ಧದ ಪಂದ್ಯಕ್ಕೂ ಕುವೈತ್ ವಿರುದ್ಧದ ಫೈನಲ್‌ಗೂ ಜನ ಮುಗಿಬಿದ್ದರು. ಆದರೆ ಮಹಿಳಾ ತಂಡ 2024ರ ಕೊನೆಯಲ್ಲಿ ಮಾಲ್ದೀವ್ಸ್ ವಿರುದ್ಧ 14-0ರಿಂದ ಗೆದ್ದದ್ದು, 2025ರಲ್ಲಿ ಉಜ್ಬೇಕಿಸ್ತಾನವನ್ನು ಎದುರಿಸಿದ್ದು ಯಲಹಂಕದ ಕಡೆಯ ಪಡುಕೋಣೆ-ದ್ರಾವಿಡ್ ತರಬೇತಿ ಕೇಂದ್ರದ ಮೈದಾನದಲ್ಲಿ. ತರಬೇತಿಗೆ ಅದು ಒಳ್ಳೆಯ ಜಾಗ. ಆದರೆ ಕಂಠೀರವದಂತಹ ಗ್ಯಾಲರಿ ಅಲ್ಲಿಲ್ಲ, ಮೆಟ್ರೊ ಅಲ್ಲಿಗೆ ಹೋಗುವುದಿಲ್ಲ. ನಗರದ ದಕ್ಷಿಣ ಭಾಗದ ಸುಬ್ರಹ್ಮಣ್ಯಪುರದ ಶಾಲಾ ಹುಡುಗಿ ಕೋಣನಕುಂಟೆ ಕ್ರಾಸ್‌ನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕಬ್ಬನ್ ಪಾರ್ಕ್‌ನಲ್ಲಿ ಇಳಿದು ಕಂಠೀರವಕ್ಕೆ ನಡೆದೇ ಹೋಗಬಹುದು. ಊರಿನ ಇನ್ನೊಂದು ತುದಿಯ ಆ ಮೈದಾನಕ್ಕೆ ಅವಳನ್ನು ಕರೆದೊಯ್ಯುವವರು ಯಾರು? ಭಾರತದ ಜರ್ಸಿ ತೊಟ್ಟ ಹೆಣ್ಣುಮಕ್ಕಳನ್ನು ಕಣ್ಣಾರೆ ನೋಡದ ಹುಡುಗಿ ತಾನೂ ಆಡಬಹುದೆಂದು ನಂಬುವುದು ಹೇಗೆ?

ಅವಳ ಬಡಾವಣೆಯ ಸ್ಥಿತಿಯೂ ಹೇಳಿಕೊಳ್ಳುವಂತಿಲ್ಲ. ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ಚಿಕ್ಕಲ್ಲಸಂದ್ರದ ಸುತ್ತ ಸೈಟುಗಳು ಮನೆಗಳಾಗಿವೆ, ಮನೆಗಳು ಅಪಾರ್ಟ್‌ಮೆಂಟ್‌ಗಳಾಗಿವೆ. ಉಳಿದ ಬಯಲು ಸಂಜೆಯಾದರೆ ಹುಡುಗರ ಕ್ರಿಕೆಟ್‌ಗೆ ಮೀಸಲು. ಗಂಟೆ ಲೆಕ್ಕದ ಬಾಡಿಗೆ ಟರ್ಫ್ ಇದೆ, ಆದರೆ ಅದು ದುಡ್ಡಿದ್ದವರಿಗೆ. ಸರ್ಕಾರಿ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರ ಕೊರತೆ ಹಳೆಯ ದೂರು; ಕೊಕ್ಕೊ, ಥ್ರೋಬಾಲ್ ದಾಟಿ ಹೆಣ್ಣುಮಕ್ಕಳ ಕಾಲಿಗೆ ಫುಟ್‌ಬಾಲ್ ಸಿಗುವುದು ಅಪರೂಪ.

ಮಹಿಳೆಯರ ಪಂದ್ಯಕ್ಕೆ ಜನ ಬರುವುದಿಲ್ಲ ಎಂಬ ಸಬೂಬನ್ನು ಇನ್ನು ಮುಂದೆ ಯಾರೂ ಹೇಳಕೂಡದು. 2022 ಮತ್ತು 2024ರ ಫೈನಲ್‌ಗಳಿಗೆ ದಶರಥ ಕ್ರೀಡಾಂಗಣ ತುಂಬಿ ತುಳುಕಿತ್ತು. ದೊಡ್ಡ ಅಂಗಳ ಕೊಟ್ಟು, ಪ್ರಚಾರ ಮಾಡಿದರೆ ಜನ ಬರುತ್ತಾರೆ.

ಪ್ರತಿಭೆಗೆ ಇಲ್ಲಿ ಎಂದೂ ಬರವಿರಲಿಲ್ಲ. ಕಲ್ಲಿಕೋಟೆಯಲ್ಲಿ ನಡೆದ 1979ರ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್‌ನಲ್ಲಿ ಭಾರತ ರನ್ನರ್ ಅಪ್, 1983ರಲ್ಲಿ ಮತ್ತೊಮ್ಮೆ ರನ್ನರ್ ಅಪ್. ಬೆಂಗಳೂರಿನ ಚಿತ್ರಾ ಗಂಗಾಧರನ್ ಆ ಪೀಳಿಗೆಯ ಆಟಗಾರ್ತಿ. ಇದೇ ನಗರದ ಕಿಕ್‌ಸ್ಟಾರ್ಟ್ ಕ್ಲಬ್ 2023ರಲ್ಲಿ ಭಾರತೀಯ ಮಹಿಳಾ ಲೀಗ್‌ನ ಫೈನಲ್ ಆಡಿತು. 2025ರ ಜುಲೈನಲ್ಲಿ ಭಾರತ ಥಾಯ್ಲೆಂಡನ್ನು ಅದರದೇ ನೆಲದಲ್ಲಿ 2-1ರಿಂದ ಮಣಿಸಿ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಅವರದೇ. ಇಷ್ಟೆಲ್ಲ ಆದದ್ದು ವ್ಯವಸ್ಥೆ ಬೆನ್ನಿಗೆ ನಿಂತದ್ದರಿಂದಲ್ಲ, ಅದು ಬೆನ್ನು ತೋರಿಸಿದರೂ ಆಟಗಾರ್ತಿಯರು ಬಿಡದೆ ಆಡಿದ್ದರಿಂದ.

2024ರ ವರೆಗಿನ ಏಳು ಮಹಿಳಾ ಸ್ಯಾಫ್ ಟೂರ್ನಿಗಳಲ್ಲಿ ಭಾರತದಲ್ಲಿ ನಡೆದದ್ದು ಒಂದೇ, ಅದೂ ಸಿಲಿಗುರಿಯಲ್ಲಿ. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಮತ್ತು ರಾಜ್ಯದ ಕ್ರೀಡಾ ಇಲಾಖೆ ಜೊತೆಗೂಡಿ ಈ ಟೂರ್ನಿಯ ಆತಿಥ್ಯಕ್ಕೆ ಹಕ್ಕು ಮಂಡಿಸಬೇಕು. ನಗರದಲ್ಲಿ ನಡೆಯುವ ಮಹಿಳಾ ಅಂತರರಾಷ್ಟ್ರೀಯ ಪಂದ್ಯಗಳು ಕಂಠೀರವದಲ್ಲೇ ಆಗಬೇಕು. ಶಾಲಾ ಹೆಣ್ಣುಮಕ್ಕಳಿಗೆ ಪ್ರವೇಶ ಉಚಿತವಿರಬೇಕು. ಪಾಲಿಕೆ ತನ್ನ ಪ್ರತಿ ಮೈದಾನದಲ್ಲೂ ವಾರದ ಕೆಲವು ಸಂಜೆಗಳನ್ನು ಹುಡುಗಿಯರಿಗೆ ಕಾಯ್ದಿರಿಸಿ, ಆ ವೇಳಾಪಟ್ಟಿಯನ್ನು ಗೇಟಿನಲ್ಲಿ ಬರೆದು ಹಾಕಬೇಕು. ಫೆಡರೇಷನ್ ಒಬ್ಬ ಕೋಚ್‌ಗೆ ಕನಿಷ್ಠ ನಾಲ್ಕು ವರ್ಷ ಕೊಡಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾನೂನು ಬೇಕಿಲ್ಲ, ಮನಸ್ಸು ಬೇಕು. ಅದನ್ನೂ ಮಾಡಲಾಗದವರು ಹೆಣ್ಣುಮಕ್ಕಳ ಗೆಲುವಿನ ಮರುದಿನ ಅಭಿನಂದನೆಯ ಹೇಳಿಕೆ ಕೊಡುವ ಹಕ್ಕನ್ನು ಕಳೆದುಕೊಂಡಿದ್ದಾರೆ.